ಟೀಚರ್ ಹೇಳಿದ್ದರು

ನಮ್ಮ ವಿಜ್ಞಾನದ ಟೀಚರ್ ಅವರ ಬಲಗೈ ಬೆರಳುಗಳಿಗೆ ಸದಾ ಕೆಂಪು ಸೀಮೆಸುಣ್ಣ ಮೆತ್ತಿರುತ್ತಿತ್ತು. ಅದನ್ನು ಸೀರೆಗೇ ಒರೆಸಿಕೊಳ್ಳುತ್ತಿದ್ದರು. ಭಾಲ್ಕಿಯ ಹೈಸ್ಕೂಲಿನಲ್ಲಿ ಹೃದಯದ ಪಾಠದ ಹೊತ್ತಿಗೆ ಯಾರಾದರೂ ತೂಕಡಿಸಿದರೆ, “ಏ, ನಾಡಿ ಹಿಡ್ಕೊಂಡು ನೋಡು, ಜೀವ ಅದನೋ ಇಲ್ಲೋ” ಎಂದು ಕಾಡುತ್ತಿದ್ದರು.

ಪುಸ್ತಕದಲ್ಲಿ ಇದ್ದಷ್ಟೇ ಹೇಳಿ ಮುಗಿಸುವವರಲ್ಲ. “ಕೊಬ್ಬು ಮೋರ್ಯಾಗಿನ ಕೆಸರಿನಂಗ ಮ್ಯಾಲ ಮೆತ್ಕೊಳ್ಳಂಗಿಲ್ಲ. ರಕ್ತನಾಳದ ಗೋಡಿ ಒಳಗೇ ಸೇರ್ತದ. ಹಳೇ ಮನಿ ಗಿಲಾವು ಉಬ್ಬಿದಂಗ ಗೋಡಿ ಉಬ್ಬತದ. ವರ್ಷಗಟ್ಲೆ ಗೊತ್ತೇ ಆಗಂಗಿಲ್ಲ. ಒಂದಿನ ಮ್ಯಾಲಿನ ಪದರ ಬಿರೀತಂದ್ರ ಅಲ್ಲೇ ರಕ್ತ ಹೆಪ್ಪುಗಟ್ಟಿ ದಾರಿ ಬಂದ್.” ಆಮೇಲೆ ಹುಡುಗಿಯರ ಕಡೆ ತಿರುಗಿ, “ಇದು ಗಂಡಸರ ರೋಗ ಅಂತ ತಿಳೀಬ್ಯಾಡ್ರಿ. ನಮಗ ಬೆನ್ನು, ದವಡಿ ನೋಯಬಹುದು” ಎನ್ನುತ್ತಿದ್ದರು. ಈಗ ಔರಾದಿನಲ್ಲಿ ನಾನೂ ವಿಜ್ಞಾನ ಕಲಿಸುತ್ತೇನೆ. ಅವರ ಮಾತನ್ನೇ ಹೇಳುತ್ತೇನೆ.

ಅವರ ಮೈದುನನ ಮಗಳ ನಿಶ್ಚಯಕ್ಕೆ ನಾನೂ ಹೋಗಿದ್ದೆ. ಕಮಲನಗರದ ಬೀಗರು ಊಟಕ್ಕೆ ಕೂತಿದ್ದರು. ಬಡಿಸುತ್ತಿದ್ದ ಟೀಚರ್ ಅಡುಗೆಮನೆ ಹೊಸ್ತಿಲಲ್ಲಿ ದವಡೆ ಹಿಡಿದು ಕುಸಿದರು. ಮೈಯೆಲ್ಲ ಬೆವರು. ಅವರ ನಾದಿನಿ ಗ್ಯಾಸ್ ಇರಬೇಕೆಂದು ಓಂಕಾಳು, ಉಪ್ಪು ತಂದು ಬಾಯಿಗಿಟ್ಟಳು.

“ಇದು ಗ್ಯಾಸ್ ಅಲ್ಲರಿ. ಹಾರ್ಟಿಂದೇ ಅದ. ನನಗ ಬೀದರಕ್ಕ ಒಯ್ರಿ,” ಎಂದರು ಟೀಚರ್. ಎಲ್ಲರಿಗೂ ಕೇಳುವಂತೆ ಹೇಳಿದರು.

“ಹೆಣ್ಮಕ್ಕಳಿಗೆ ಹಾರ್ಟ್ ಎಲ್ಲಿ ಬರ್ತದ? ಮುಂಜಾನಿಂದ ಉಪವಾಸ ಇದ್ದಾಳ, ಪಿತ್ತ ಆಗ್ಯದ,” ಎಂದರು ಅವರ ಗಂಡ. ನಾನು ಗಾಡಿ ತರುತ್ತೇನೆಂದು ಎದ್ದೆ. ಅವರು ಅಡ್ಡ ನಿಂತರು. “ಬೀಗರು ಎಲಿ ಮ್ಯಾಲ ಕುಂತಾರ, ಗದ್ಲ ಮಾಡಬ್ಯಾಡವ್ವ. ನೀ ಒಳಗ ಹೋಗಿ ಹೋಳಿಗಿ ಬಡಸು.” ನಾನು ಬಡಿಸಲಿಲ್ಲ, ಕೂಗಾಡಿದೆ. ಮನೆಯ ಹೆಂಗಸರು ನನ್ನನ್ನು ಹಿತ್ತಿಲಿಗೆ ಎಳೆದೊಯ್ದರು.

ಬೀಗರು ಉಂಡು, ಎಲೆ ಅಡಿಕೆ ಹಾಕಿಕೊಂಡು, ಮದುವೆಯ ಮುಹೂರ್ತ ಮಾತಾಡಿ ಹೋದರು. ಆಮೇಲೆ ಕಾರು ಬಂತು. ಬೀದರ್ ಇನ್ನೂ ದೂರವಿರುವಾಗಲೇ ಟೀಚರ್ ನನ್ನ ತೊಡೆಯ ಮೇಲೆ ತಣ್ಣಗಾದರು. ಆ ಮನೆಯವರ ಮಾನ ಮಾತ್ರ ಕೂದಲೂ ಕೊಂಕದೆ ಉಳಿಯಿತು.

ಮೂರನೇ ದಿನ ಮಾತಾಡಿಸಲು ಹೋದಾಗ ಅಂಗಳದ ತುಂಬ ಜನ. ಟೀಚರ್ ಗಂಡ ಟವೆಲಿನಿಂದ ಕಣ್ಣೊರೆಸಿಕೊಂಡು ಬಂದವರಿಗೆಲ್ಲ ಹೇಳುತ್ತಿದ್ದರು: “ಎಲ್ಲಾ ಒಳಗೇ ನುಂಗಿಕೊಂಡ್ಳರಿ. ಒಂದು ಮಾತು ಬಾಯಿ ಬಿಟ್ಟು ಹೇಳಿದ್ರ ನಾವು ಒಯ್ತಿರಲಿಲ್ಲೇನ್ರಿ?”

“ಹೇಳಿದ್ರು,” ಎಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ನಾದಿನಿ ಎದ್ದು ಬಂದು, “ಚಾ ಕುಡೀರಿ” ಎಂದು ನನ್ನ ಕೈಗೆ ಕಪ್ ಕೊಟ್ಟಳು.