ಮಾವನವರ ಹುಬ್ಬಿನ ಗುಂಡು

"ಗುರುತಿನ ಚಿಹ್ನೆ: ಎಡಹುಬ್ಬಿನ ಮೇಲೆ ಗಾಯದ ಕಲೆ" ಎಂದು ಗಟ್ಟಿಯಾಗಿ ಓದಿ ನಾನು ಅಲ್ಲಿಗೇ ನಿಲ್ಲಿಸಿದೆ. ಶಿವಮೊಗ್ಗದ ಕಚೇರಿಯಲ್ಲಿ ಮಾಜಿ ಸೈನಿಕರ ಕಾರ್ಡಿಗೆ ಮಾವನವರ ಡಿಸ್ಚಾರ್ಜ್ ಬುಕ್ ಕೇಳಿದ್ದರು. ಅದು ಕಳೆದುಹೋಗಿದ್ದರಿಂದ ಸೇನೆಯ ದಾಖಲೆ ಕಚೇರಿಗೆ ನಾನೇ ಅರ್ಜಿ ಬರೆದು ತರಿಸಿದ ನಕಲು ಇದು. ಆ ಕಲೆ ಯುದ್ಧದಲ್ಲಿ ತಗುಲಿದ ಗುಂಡಿನದೆಂದು ಭದ್ರಾವತಿಯ ನಮ್ಮ ಕ್ವಾರ್ಟರ್ಸಿಗೆಲ್ಲ ಗೊತ್ತು. ಆದರೆ ಈ ಕಾಗದದ ಪ್ರಕಾರ, ಸೈನ್ಯಕ್ಕೆ ಸೇರಿದ ದಿನವೇ ಅದು ಹುಬ್ಬಿನ ಮೇಲಿತ್ತು.

ಮಾವ ಕಾಫಿ ಲೋಟ ಕೆಳಗಿಡಲಿಲ್ಲ. "ಗುಂಡು ಎಲ್ಲಿಗೆ ಬೀಳ್ಬೇಕು ಅಂತ ಮೊದ್ಲೇ ಗುರುತು ಮಾಡ್ಕೊಂಡು ಹೋಗಿದ್ದೆ ಮಾರಾಯ್ತಿ."

"ಗುರುತು ಮಾಡಿ ಕಳ್ಸಿದ್ದು ಗಾಜನೂರಿನ ನಿಮ್ಮನೆ ಎಮ್ಮೆ" ಎಂದರು ಅತ್ತೆ, ಒಳಗಿನಿಂದಲೇ.

ಕಾರ್ಡಿಗೆ ಕೊಡುವ ಮೊದಲೇ ಆ ನಕಲೂ ಮನೆಯಿಂದ ಮಾಯವಾಯಿತು. ಡಿಸ್ಚಾರ್ಜ್ ಬುಕ್ ಕಳೆದದ್ದು ಹೇಗೆಂದು ನನಗೆ ಆಗ ಹೊಳೆಯಿತು.