ಅನ್ಕೋ ಎಂಬುದರ ಬೆಲೆ

ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ನಾನು ಸುಳ್ಳು ಹೇಳುತ್ತೇನೆ. ವಾರದ ಉಳಿದ ದಿನ ನಾನು ಮಾತಾಡುವುದೇ ಕಡಿಮೆಯಾದ್ದರಿಂದ ಸುಳ್ಳಿಗೆ ಅವಕಾಶವೂ ಕಡಿಮೆ. ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಬೀದಿಯವರು ನನ್ನ ದನಿ ಕೇಳುವುದು ಗ್ಯಾಸ್ ಸಿಲಿಂಡರ್ ಬಂದ ದಿನ ಮಾತ್ರ. ಆದರೆ ಭಾನುವಾರ ಊಟದ ಮೇಜು ಒರೆಸಿ, ನಾಲ್ಕು ದಾಳ, ಒಂದು ರಫ್ ನೋಟ್‌ಬುಕ್, ಒಂದು ತಟ್ಟೆ ಕಡಲೆಕಾಯಿ ಇಟ್ಟುಕೊಂಡು ಕೂತೆನೆಂದರೆ ನಾನೇ ಪಾಳೇಗಾರ, ನಾನೇ ಅವನ ಮುದಿ ಅತ್ತೆ, ಕೆರೆ ಏರಿಯ ಮೇಲಿನ ದೆವ್ವವೂ ನಾನೇ.

ಇದನ್ನು ಪಾತ್ರದಾಟ ಅನ್ನೋಣ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ಎದುರಾದ ಸಂಕಟದಲ್ಲಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡುತ್ತದೋ ಇಲ್ಲವೋ ಅನ್ನುವುದು ದಾಳಕ್ಕೆ ಬಿಟ್ಟದ್ದು. ನಮ್ಮ ಆಟಕ್ಕೆ ನನ್ನನ್ನು ಬಿಟ್ಟು ಮೂವರು. ನಾಗರಾಜ ಮೇಷ್ಟ್ರು ಕಡಬದವರು. ಹೈಸ್ಕೂಲಿನಲ್ಲಿ ವಾರವಿಡೀ ಸತ್ಯ ಹೇಳಿ ದಣಿದು ಇಲ್ಲಿ ಕಳ್ಳನಾಗುತ್ತಾರೆ. ಚಿಕ್ಕಪ್ಪನ ಮಗ ಉಮೇಶ ಕುಣಿಗಲ್‌ನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕುದುರೆ ಸಾಕಣೆಗೆ ಹೆಸರಾದ ಆ ಊರಿನವನಾದ್ದರಿಂದ ಕುದುರೆ ಸವಾರನ ಪಾತ್ರ ತನ್ನ ಜನ್ಮಸಿದ್ಧ ಹಕ್ಕೆಂದು ನಂಬಿದ್ದಾನೆ. ಮೂರನೆಯವಳು ಸಾವಿತ್ರಿ, ಯೂನಿವರ್ಸಿಟಿಯಲ್ಲಿ ನನ್ನ ಜೊತೆ ಓದಿದವಳು, ಈಗ ಹಾಗಲವಾಡಿಯ ಸೊಸೆ. ಅವಳು ನೀರುಗಂಟಿ, ಎಂದರೆ ಕೆರೆಯ ತೂಬು ತೆರೆದು ಮುಚ್ಚಿ ಊರ ಗದ್ದೆಗೆಲ್ಲ ನೀರು ಹಂಚುವವನು. ಅವಳು ಬರುವುದು ಫೋನಿನಲ್ಲಿ. ಅಲ್ಲಿ ಇಂಟರ್ನೆಟ್ ಸಿಗಬೇಕಾದರೆ ಅವಳು ಕೊಟ್ಟಿಗೆ ದಾಟಿ ಮೂರನೇ ತೆಂಗಿನಮರದ ಬುಡಕ್ಕೆ ಹೋಗಬೇಕು. ಮಾತಿಗೆ ಮಾತ್ರ ಫೋನು ಎಲ್ಲಿಂದಲಾದರೂ ಸರಿ. ನನ್ನ ಫೋನನ್ನು ಒಂದು ಸ್ಟೀಲ್ ಲೋಟದೊಳಗೆ ನಿಲ್ಲಿಸಿದರೆ ಅವಳ ದನಿ ಮೇಜಿಗೆಲ್ಲ ಕೇಳುತ್ತದೆ. "ವಾರದಲ್ಲಿ ಈ ಮೂರು ಗಂಟೆ ಮಾತ್ರ ನಾನು ಯಾರ ಸೊಸೇನೂ ಅಲ್ಲ ಕಣೇ" ಎಂದು ಒಮ್ಮೆ ಹೇಳಿದ್ದಳು. ನನಗೆ ಗೆಳತಿ ಎಂದು ಇರುವವಳು ಅವಳೊಬ್ಬಳೇ. ಇದನ್ನು ಅವಳಿಗೆ ಹೇಳಿಲ್ಲ; ನಿಮಗೆ ಹೇಳಿದೆ.

ಹೀಗಿರುವಾಗ ಉಮೇಶ ಒಂದು ಫಾರಂ ಕಳಿಸಿದ. ಅವನ ಪರಿಚಯದವರು ಯಾರೋ ಇಂಥ ಆಟಗಾರರಿಗಾಗಿ ಕಂಪ್ಯೂಟರಿನೊಳಗೆ ಮೂರು ಆಯಾಮದ ಮೇಜು ಕಟ್ಟುತ್ತಿದ್ದಾರಂತೆ. ಅದರಲ್ಲಿ ಗುಡ್ಡ, ಕೋಟೆ, ನೀರು, ಬೆಂಕಿ ಎಲ್ಲ ಎದ್ದು ನಿಲ್ಲುತ್ತವೆ. ಬೇಕಾದ ಕಡೆಯಿಂದ ತಿರುಗಿಸಿ ನೋಡಬಹುದು. ಇದು ಜನರಿಗೆ ಬೇಕೋ, ಬೇಕಾದರೆ ಎಷ್ಟು ಬೆಲೆ ಇಡಬೇಕೋ ತಿಳಿಸಬೇಕು. ಮೊದಲ ಪ್ರಶ್ನೆ: "ನಿಮಗೆ ಮೂರು ಆಯಾಮದ ಮೇಜು ಬೇಕೆ?" ಕೆಳಗೆ ಉತ್ತರಗಳು: ಹೌದು, ಖಂಡಿತ ಹೌದು, ಬೆಲೆ ಸರಿಯಿದ್ದರೆ ಹೌದು.

ಮದುವೆ ಗಂಡಿನ ಕಡೆಯವರೂ ಹುಡುಗಿಗೆ ಇದಕ್ಕಿಂತ ಹೆಚ್ಚು ಸ್ವಾತಂತ್ರ್ಯ ಕೊಡುತ್ತಾರೆ.

ನನ್ನ ಊಟದ ಮೇಜಿಗೆ ಎಷ್ಟು ಆಯಾಮವೆಂದು ಇವರು ತಿಳಿದಿದ್ದಾರೋ ಕಾಣೆ. ಉದ್ದ, ಅಗಲ, ಎತ್ತರ ಮೂರೂ ಇವೆ. ಒಂದು ಕಾಲು ಗಿಡ್ಡವಾದ್ದರಿಂದ ಓಲಾಟವೆಂಬ ನಾಲ್ಕನೆಯದೂ ಇದೆ. ಬೆಲೆಯ ಭಾಗವಂತೂ ಇನ್ನೂ ಸೊಗಸು. ತಿಂಗಳಿಗಿಷ್ಟು ಕೊಡುವಿರೋ, ಒಂದೇ ಸಲ ಕೊಡುವಿರೋ, ತಲೆಗಿಷ್ಟು ಕೊಡುವಿರೋ? ಮೇಜು ಕೊಂಡರೆ ಮರಗಿಡ ಬೇರೆ. ಮನೆ ಕೊಂಡರೆ ಬಾಗಿಲು ಅದರ ಜೊತೆಗೇ ಬರುತ್ತದೆ, ಆದರೆ ತೆರೆಯುವ ಬಾಗಿಲು ಬೇಕಾದರೆ ಅದಕ್ಕೆ ಬೇರೆ ಕಟ್ಟು. ಪಾತ್ರೆ ಅಂಗಡಿಯವನು ಲೋಟ ಮಾರಿ, ತಳಕ್ಕೆ ಬೇರೆ ದುಡ್ಡು ಕೇಳಿದ ಹಾಗೆ. "ನಿಮ್ಮ ಗುಂಪಿನಲ್ಲಿ ಎಷ್ಟು ಜನ?" ಎಂಬ ಪ್ರಶ್ನೆಯ ಕೆಳಗೆ ಸಣ್ಣ ಅಕ್ಷರದಲ್ಲಿ "ಲಾಗಿನ್ ಆಗುವವರನ್ನು ಮಾತ್ರ ಎಣಿಸಿ" ಎಂದಿತ್ತು. ಸಾವಿತ್ರಿ ಲಾಗಿನ್ ಆಗುವುದು ಸ್ಟೀಲ್ ಲೋಟಕ್ಕೆ. ನಾನು ಮೂರು ಎಂದು ಬರೆದೆ. ಚಿಕ್ಕವರಿದ್ದಾಗ ಕುಂಟೆಬಿಲ್ಲೆಯಲ್ಲಿ ತೀರಾ ಚಿಕ್ಕ ಮಕ್ಕಳನ್ನು ಅಳಬಾರದೆಂದು ಸೇರಿಸಿಕೊಂಡು, ಔಟಾದರೂ ಲೆಕ್ಕಕ್ಕೆ ಹಿಡಿಯದೆ ಬಿಡುತ್ತಿದ್ದೆವಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು? ಸಾವಿತ್ರಿಯನ್ನು ಹಾಗೆ ಮಾಡಿದೆ. ಬರೆದ ಮೇಲೆ ಕೈ ಸ್ವಲ್ಪ ನಾಚಿತು, ಅಳಿಸಲಿಲ್ಲ.

ಫಾರಂ ಮುಗಿಸುವ ಮೊದಲು ಒಮ್ಮೆ ಆಡಿ ನೋಡೋಣವೆಂದು ಉಮೇಶನೇ ಅಂದ. ಕಳೆದ ಭಾನುವಾರ ಲ್ಯಾಪ್‌ಟಾಪ್ ಹೊತ್ತು ಬಂದ. ಕಡಲೆಕಾಯಿ ತಟ್ಟೆ ಫ್ರಿಜ್ಜಿನ ಮೇಲೆ ಹೋಯಿತು. ಲೋಟ ಮೇಜಿನ ಮೂಲೆಗೆ ಸರಿಯಿತು.

ನಮ್ಮ ಕಥೆ ಅಂದು ಮುಖ್ಯ ಘಟ್ಟಕ್ಕೆ ಬಂದಿತ್ತು. ಮಳೆ ಹೆಚ್ಚಾಗಿ ಕೆರೆ ತುಂಬಿ ಏರಿ ಒಡೆಯುವ ಹೊತ್ತು. ನೀರುಗಂಟಿ ತೂಬು ತೆರೆದರೆ ಊರು ಉಳಿಯುತ್ತದೆ. ಎಂದರೆ ಅದು ಸಾವಿತ್ರಿಯ ದಿನ. ಉಮೇಶ ಮೂರು ದಿನ ಕೂತು ಕೆರೆ ಕಟ್ಟಿದ್ದ. ಪರದೆಯ ಮೇಲೆ ನೀಲಿ ಸರೋವರ, ಸುತ್ತ ದೇವದಾರು ಮರ, ಮರದ ತುದಿಯಲ್ಲಿ ಹಿಮ. ಏರಿಗೆ ಒಂದು ಕೋಟೆಗೋಡೆ. ಅದರಲ್ಲಿ ಸಿಗುವ ಗೊಂಬೆಗಳ ಪಟ್ಟಿಯಲ್ಲಿ ನೀರುಗಂಟಿಯೇ ಇರಲಿಲ್ಲವಾದ್ದರಿಂದ ಗಡ್ಡ ಬಿಟ್ಟ, ಉದ್ದ ನಿಲುವಂಗಿಯ ಒಬ್ಬ ಮಂತ್ರವಾದಿ ಕೋಲು ಹಿಡಿದು ನಿಂತಿದ್ದ.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಇವನ್ಯಾಕೋ ನೈಟಿ ಹಾಕ್ಕೊಂಡವ್ನೆ?"

"ಅಡ್ಜಸ್ಟ್ ಮಾಡ್ಕೊಳ್ಳಿ ಮೇಷ್ಟ್ರೇ. ಪಂಚೆ ಬರೋ ಪ್ಯಾಕಿಗೆ ಬೇರೆ ದುಡ್ಡು."

ಒಂದು ಮಾತು ಒಪ್ಪಬೇಕು. ನೀರು ಮಾತ್ರ ಚೆಂದವಿತ್ತು. ಉಮೇಶ ಒಂದು ಗುಂಡಿ ಒತ್ತಿದ. ನೀರು ಅಲೆಯಲೆಯಾಗಿ ಗೋಡೆ ಹತ್ತತೊಡಗಿತು, ಅದರ ಮೇಲೆ ಮೋಡದ ನೆರಳು ಹಾಯಿತು. ಮೂವರೂ ನೋಡಿದೆವು. ನೋಡುತ್ತಲೇ ಇದ್ದೆವು. ಇಂಥ ಹೊತ್ತಿನಲ್ಲಿ ನಾನು ಸಾಮಾನ್ಯವಾಗಿ ಏರಿಯ ಮಣ್ಣು ಹೇಗೆ ಕುಸಿಯುತ್ತಿದೆ, ಕಪ್ಪೆಗಳು ಯಾಕೆ ಸುಮ್ಮನಾದವು ಎಂದೆಲ್ಲ ಹೇಳುತ್ತೇನೆ. ಅಂದು ಹೇಳಲಿಲ್ಲ. ಕಣ್ಣೆದುರೇ ಇತ್ತಲ್ಲ.

ಲೋಟದಿಂದ ದನಿ ಬಂತು. "ಏನ್ರೋ, ಲೈನ್ ಕಟ್ಟಾಯ್ತಾ? ನೀರು ಎಲ್ಲೀಗಂಟ ಬಂತು?"

"ನೋಡು ಸಾವಿತ್ರಕ್ಕ, ಹೆಂಗೆ ಬರ್ತಾ ಇದೆ!" ಎಂದ ಉಮೇಶ.

"ನನ್ನ ಕಿವೀಲಿ ಕಣ್ಣಿಲ್ಲ ಕಣಪ್ಪ. ಸರಿ, ನಾನು ಎಡಗಡೆ ತೂಬಿಗೆ ಓಡ್ತೀನಿ."

"ಎಡಗಡೆ ಎಲ್ಲಕ್ಕ? ತೂಬು ಬಲಗಡೆ ಮಡಗಿದೀನಿ ನಾನು."

"ಮಡಗೋಕೆ ನೀನ್ಯಾರ್ಲಾ?" ಎಂದರು ಮೇಷ್ಟ್ರು. "ತೂಬು ನಡುಮಧ್ಯ, ಆಲದಮರದ ಕೆಳಗೆ. ಆ ಮರದ ಮೇಲೆ ಎರಡು ವರ್ಷದಿಂದ ಅಡಗಿ ಕೂತವ್ನೆ ಈ ಕಳ್ಳ!"

"ಯಾವ ಆಲದಮರ?" ಎಂದೆವು ಉಳಿದ ಮೂವರೂ.

ಆಗ ಬಯಲಾಯಿತು. ಎರಡು ವರ್ಷ ನಾವು ಒಂದೇ ಕೆರೆಯಲ್ಲಿ ಆಡಿರಲೇ ಇಲ್ಲ. ಮೇಷ್ಟ್ರು ಆಡಿದ್ದು ಕಡಬದ ಕೆರೆಯಲ್ಲಿ. ಉಮೇಶ ಕುದುರೆ ಓಡಿಸಿದ್ದು ಕುಣಿಗಲ್ ಕೆರೆ ಏರಿಯ ಮೇಲೆ. ಸಾವಿತ್ರಿಯದು ಅವಳ ಗದ್ದೆಯ ಹಿಂದಿನ ಸಣ್ಣ ಕೆರೆ. ನನ್ನದು ಅಪ್ಪನ ಸ್ಕೂಟರಿನಿಂದ ಕಂಡ ತುಮಕೂರಿನ ಅಮಾನಿಕೆರೆ. ಅದಕ್ಕೆ ತೂಬು ಎಲ್ಲಿದೆಯೋ ನಾನು ಯೋಚಿಸಿಯೇ ಇರಲಿಲ್ಲ. ಭೂಗೋಳ ಎಂ.ಎಸ್ಸಿ. ಮಾಡಿದವಳು ನಾನು; ಹಿಂದೆ ಪತ್ರಿಕೆ ತಿದ್ದುವಾಗ ನಕ್ಷೆಯಲ್ಲಿ ಉತ್ತರ ದಿಕ್ಕಿನ ಬಾಣ ಹಾಕದ ವಿದ್ಯಾರ್ಥಿಗಳ ಅಂಕ ಕತ್ತರಿಸಿದವಳು. ಎರಡು ವರ್ಷ ಒಂದು ಕೆರೆಯ ಕಥೆ ನಡೆಸಿ ಅದಕ್ಕೊಂದು ನಕ್ಷೆ ಬರೆಯಲಿಲ್ಲ. ಆದರೂ ಒಂದು ದಿನವೂ ಯಾರೂ ಯಾರಿಗೂ ಡಿಕ್ಕಿ ಹೊಡೆದಿರಲಿಲ್ಲ.

ಜಗಳ ಮಾತ್ರ ಅಂದು ಜೋರಾಗಿಯೇ ನಡೆಯಿತು. ಉಮೇಶ ತೂಬನ್ನು ಎಡಕ್ಕೆಳೆದ, ಮೇಷ್ಟ್ರು ನಡುವಿಗೆ ಎಳೆಸಿದರು, ಮಂತ್ರವಾದಿ ನೀರಲ್ಲಿ ಮುಳುಗಿ ಮತ್ತೆ ಎದ್ದ. ಲೋಟವನ್ನು ಮರೆತೇಬಿಟ್ಟೆವು. ಸ್ವಲ್ಪ ಹೊತ್ತಾದ ಮೇಲೆ ಅದು ತಣ್ಣಗೆ ಹೇಳಿತು: "ನೀವು ಪಿಚ್ಚರ್ ನೋಡ್ಕೊಳ್ಳಿ. ನಾನು ಹಸು ಕಟ್ಟಬೇಕು." ಫೋನ್ ಇಟ್ಟಳು. ಗಂಟೆ ಇನ್ನೂ ಮೂರೂವರೆ. ಎರಡು ವರ್ಷದಲ್ಲಿ ಅವಳು ಐದಕ್ಕೆ ಮುಂಚೆ ಎದ್ದದ್ದಿಲ್ಲ.

ನಮ್ಮ ಕಡೆಯ ಮೂಡಲಪಾಯದ ಬಯಲಾಟದಲ್ಲಿ ರಾಜ ಅಟ್ಟದ ಮೇಲೆ ಎರಡು ಸುತ್ತು ಕುಣಿದು ಕಾಡಿಗೆ ಬಂದೆವು ಅಂದರೆ ಸಾಕು, ಕಾಡು ಬರುತ್ತದೆ. ಗುಬ್ಬಿಯಂಥ ನಾಟಕದ ಊರಿನಲ್ಲಿ ಮುಂದೆ ಕಾಡನ್ನೇ ಪರದೆಯ ಮೇಲೆ ಬರೆಸಿ ಇಳಿಬಿಟ್ಟರು. ಚೆನ್ನಾಗಿಯೇ ಇದ್ದಿರಬೇಕು. ಆದರೆ ಪರದೆ ಬಂದ ಮೇಲೆ ಎಲ್ಲ ನಾಟಕಕ್ಕೂ ಅದೇ ಕಾಡು. ಯಾವ ರಾಜ ರಾಜ್ಯ ಕಳೆದುಕೊಂಡರೂ ಅದೇ ಜಿಂಕೆಯ ಮುಂದೆ ಅಳಬೇಕಾಯಿತು. ಮೂರು ಆಯಾಮದ ಮೇಜು ಯಾರಿಗೂ ಬೇಡವೆಂದು ನಾನು ಹೇಳುವುದಿಲ್ಲ. ಯುದ್ಧವನ್ನೇ ಆಡುವವರಿದ್ದಾರೆ, ಬಾಣ ಎಷ್ಟು ಅಡಿ ಹೋಯಿತು, ಗೋಡೆ ಅಡ್ಡ ಬಂತೋ ಇಲ್ಲವೋ ಎಂದು ಅಳೆಯುವವರು. ಅವರು ಕೊಳ್ಳಲಿ, ಬಾಗಿಲು ಸಮೇತ ಕೊಳ್ಳಲಿ. ಆದರೆ ಅಡುಗೆ ಆಟದಲ್ಲಿ ಮರಳು ಬಡಿಸಿ "ಇದು ಅನ್ನ ಅನ್ಕೋ" ಅನ್ನುವ ಹುಡುಗಿಯ ಮುಂದೆ ಪ್ಲಾಸ್ಟಿಕ್ಕಿನ ಅನ್ನ ಇಟ್ಟು ದುಡ್ಡು ಕೇಳುವವರಿಗೆ ಏನು ಹೇಳುವುದು? ಅದು ಅನ್ನದ ಹಾಗೆ ಕಾಣುತ್ತದೆ, ನಿಜ. ಹಾಗೆ ಕಂಡ ಮೇಲೆ ಅವಳಿಗೆ ಅಲ್ಲಿ ಮಾಡಲು ಏನು ಉಳಿಯಿತು?

ನಾನು ಯಾರಿಗೂ ನಾನಾಗಿ ಫೋನ್ ಮಾಡುವವಳಲ್ಲ. ಮಂಗಳವಾರ ಸಂಜೆ ಸಾವಿತ್ರಿಗೆ ಮಾಡಿದೆ. ಎತ್ತಿದಳು. ಹಿಂದೆ ಹಸುವಿನ ಗಂಟೆ ಕೇಳಿಸುತ್ತಿತ್ತು. ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆದೆ. ಅದು ನನಗೆ ಬಾರದ ವಿದ್ಯೆ. ಬೇರೇನೋ ಬಂತು.

"ನೀರು ಏರಿಯಿಂದ ಎರಡು ಗೇಣು ಕೆಳಗಿದೆ ಅನ್ಕೋ. ಕಪ್ಪೆಗಳೆಲ್ಲ ಒಟ್ಟಿಗೆ ಸುಮ್ಮನಾದವು ಅನ್ಕೋ."

ಆ ಕಡೆ ಬಕೆಟ್ ಕೆಳಗಿಟ್ಟ ಸದ್ದು. "ತೂಬು ಎಲ್ಲೈತೆ?"

"ನಿನ್ನ ಕೆರೆಯಲ್ಲಿ ಎಲ್ಲಿದೆಯೋ ಅಲ್ಲೇ."

"ಹಂಗಾದ್ರೆ ಎಡಗಡೆ. ದಾಳ ಹಾಕೇ."

ನಾನು ಹಾಕಿದೆ. ಬಂದದ್ದು ಎರಡು, ಏರಿ ಒಡೆಯಬೇಕು. "ಐದು" ಎಂದೆ. ಮಂಗಳವಾರ ಹೇಳಿದ ಮೊದಲ ಸುಳ್ಳು ಅದು.

ಊರು ಉಳಿಯಿತು. ಉಳಿದ ಖುಷಿಯಲ್ಲಿ ಅವಳು ಕೇಳಿದಳು: "ಅದೇನೋ ಫಾರಂ ಅಂತಲ್ಲ, ಉಮೇಶ ಹೇಳ್ದ. ಎಷ್ಟು ಕೊಡ್ತೀನಿ ಅಂತ ಬರೆದೆ?"

"ಇನ್ನೂ ಬರೆದಿಲ್ಲ."

"ಹತ್ತು ಸಾವಿರ ಕೊಟ್ಟೆ ಅನ್ಕೊಳ್ಳಿ ಅಂತ ಬರಿ ಕಣೇ. ಅವರ ಕೆರೆ ನಾವು ಅನ್ಕೋಬೇಕು, ನಮ್ಮ ದುಡ್ಡು ಅವರು ಅನ್ಕೊಳ್ಳಲಿ."

ಅಂದೇ ಕೂತು ಫಾರಂ ಮುಗಿಸಿದೆ. ಮೊದಲು, ಗುಂಪಿನಲ್ಲಿ ಎಷ್ಟು ಜನ ಎಂಬಲ್ಲಿ ಮೂರನ್ನು ಅಳಿಸಿ ನಾಲ್ಕು ಎಂದು ತಿದ್ದಿದೆ. ಬೆಲೆಯ ಜಾಗದಲ್ಲಿ ಸಾವಿತ್ರಿಯ ಮಾತನ್ನು ಅಕ್ಷರಶಃ ಬರೆದು ಕಳಿಸುವ ಗುಂಡಿ ಒತ್ತಿದೆ. ಕೂಡಲೇ ಕೆಂಪಕ್ಷರ ಬಂತು: "ಈ ಉತ್ತರ ಅಮಾನ್ಯ. ದಯವಿಟ್ಟು ಅಂಕಿಗಳನ್ನು ಮಾತ್ರ ಬಳಸಿ."

ಮತ್ತೆ ಒತ್ತಿದೆ, ಮತ್ತೆ ಅದೇ. ಕಂಪ್ಯೂಟರಿನ ತಪ್ಪಲ್ಲ. ಕೆರೆ, ಕೋಟೆ, ಮೋಡದ ನೆರಳು ಎಲ್ಲ ಮಾಡಬಲ್ಲದು ಪಾಪ, ಅಂದುಕೊಳ್ಳುವುದೊಂದು ಅದಕ್ಕೆ ಬರುವುದಿಲ್ಲ.