ಕಣದ ಮೇಲಿನ ಕನ್ನಡಿ

ನಮ್ಮ ತೋಟದಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದ ರೈಟರ ಕತ್ತಿನ ಹಿಂಭಾಗ ಅವರ ಮುಖಕ್ಕಿಂತ ಕಪ್ಪಗಿತ್ತು. ಊರೆಲ್ಲ ಮಳೆಗಾಗಿ ಕತ್ತೆತ್ತಿ ನೋಡಿದರೆ ಅವರು ಕತ್ತು ಬಗ್ಗಿಸಿ ನೋಡುತ್ತಿದ್ದರು. ಏಪ್ರಿಲ್ ಬಂತೆಂದರೆ ಸಾಕು, ಕಾಫಿ ಒಣಗಿಸುವ ಕಣದ ಮೇಲೆ ಕ್ಷೌರದ ಕನ್ನಡಿಯೊಂದನ್ನು ಅಂಗಾತ ಇಟ್ಟು, ಅದರಲ್ಲಿ ಮೋಡ ಯಾವ ಅಂಚಿನಿಂದ ಯಾವ ಅಂಚಿಗೆ ಸರಿಯುತ್ತದೆಂದು ನೋಡುತ್ತ ಉರಿಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ಹತ್ತಿರದ ಹಾನುಬಾಳಿನ ಅಂಗಡಿಗಳಲ್ಲಿ ಅವರಿಗೆ ಕನ್ನಡಿ ರೈಟರೆಂದೇ ಹೆಸರು. ನಾನೂ ನಗುತ್ತಿದ್ದೆ.

"ಕೆಳಗಿನ ಗಾಳಿ ನಂಬಬ್ಯಾಡಿ ಅಮ್ಮಣ್ಣಿ. ಅದು ಎಲೆ ಅಲ್ಲಾಡ್ಸಕ್ಕೆ ಅಷ್ಟೇಯ. ಮಳೆನ ಎತ್ಕಂಡು ಬರೋದು ಮೇಲಿನ ಗಾಳಿ" ಎನ್ನುತ್ತಿದ್ದರು. ಹವಾಮಾನ ಕಚೇರಿಯಲ್ಲಿ ಮೇಲಿನ ಗಾಳಿ ಅಳೆಯಲು ಬಲೂನು ಹಾರಿಬಿಡುತ್ತಿದ್ದ ನೆಂಟನೊಬ್ಬ ಹೇಳಿಕೊಟ್ಟ ಪಾಠವಂತೆ. ಮುಂಗಾರು ಘಟ್ಟ ಹತ್ತಿ ಪಡುವಣದಿಂದ ಬರುವುದನ್ನೇ ನೋಡಿ ಬೆಳೆದ ನಾವು ಏಪ್ರಿಲ್‌ನಲ್ಲೂ ಅದೇ ಕಡೆ ಮುಖ ಮಾಡಿರುತ್ತಿದ್ದೆವು. ಆದರೆ ಗುಡುಗಿನ ಮೋಡವನ್ನು ಎತ್ತರದ ಮೂಡಣ ಗಾಳಿ ಆಲೂರಿನ ಕಡೆಯಿಂದ, ನಮ್ಮ ಬೆನ್ನ ಹಿಂದಿನಿಂದ ತಳ್ಳಿ ತರುತ್ತದೆ ಎಂದರೆ ಯಾರು ನಂಬಬೇಕು? ಅದಕ್ಕೂ ಮೇಲೆ ನಾರಿನಂಥ ತೆಳುಮೋಡ ಎದುರು ದಿಕ್ಕಿಗೆ ಓಡುತ್ತಿದ್ದರೆ ಆ ದಿನ ಆಲಿಕಲ್ಲು, ಸಿಡಿಲು ಖಂಡಿತ ಎಂದು ಅವರು ಹೇಳುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ಕಾಲು ಮುರಿದುಕೊಂಡು ಮಲಗಿದಾಗ ತೋಟ ನನ್ನ ಕೈಗೆ ಬಂತು. ಆ ಏಪ್ರಿಲ್‌ನಲ್ಲಿ ಮೆಣಸು ಕೊಯ್ಲಿನ ಕೊನೆಯ ದಿನ, ಆಳುಗಳು ಮರಗಳಿಗೆ ಏಣಿ ಒರಗಿಸಿ ಬಳ್ಳಿಯಿಂದ ಮೆಣಸು ಬಿಡಿಸುತ್ತಿದ್ದರು. ನಾಲ್ಕಾರು ಬಿಳಿಮೋಡದ ಚೂರು ಬಿಟ್ಟರೆ ಮಧ್ಯಾಹ್ನದ ಆಕಾಶ ತಿಳಿಯಾಗಿತ್ತು, ಪಡುವಣದಿಂದ ತಂಗಾಳಿ ಬೀಸುತ್ತಿತ್ತು. ರೈಟರು ಕಣದಿಂದ ಎದ್ದುಬಿದ್ದು ಓಡಿಬಂದರು.

"ಇಳೀರ್ಲಾ ಎಲ್ರೂ! ಏಣಿ ಅಲ್ಲೇ ಬುಟ್ಟು ಸ್ಟೋರಿಗೆ ನಡೀರಿ!"

ನನಗೆ ಪಿತ್ತ ನೆತ್ತಿಗೇರಿತು. "ಏನ್ ರೈಟ್ರೇ, ಕನ್ನಡಿ ನೋಡ್ಕಂಡು ತೋಟ ಮಾಡಕ್ಕಾಯ್ತದಾ? ಇನ್ನೊಂದು ಮರ ಮುಗ್ಸಿ ಇಳೀಲಿ ಬಿಡಿ."

ಅವರ ಮುಖ ಬಿಳಿಚಿಕೊಂಡಿತು. ಹುಟ್ಟಿದಾಗಿನಿಂದ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದ್ದ ಮನುಷ್ಯ, ಆಳುಗಳೆಲ್ಲರ ಎದುರು, "ಬಾಯ್ಮುಚ್ಚು!" ಎಂದು ಅರಚಿದರು. ಆಳುಗಳು ಸರಸರನೆ ಇಳಿದರು.

ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ಅರ್ಧ ಗಂಟೆ ಕುದಿಯುತ್ತ ಕೂತಿದ್ದೆ. ಇವರನ್ನು ನಾಳೆಯೇ ಕೆಲಸದಿಂದ ಬಿಡಿಸಬೇಕೆಂದು ತೀರ್ಮಾನಿಸಿಯೂ ಆಗಿತ್ತು. ಅಷ್ಟರಲ್ಲಿ ಆಲೂರಿನ ಕಡೆಯಿಂದ ಕತ್ತಲು ನುಗ್ಗಿತು, ಹೆಂಚಿನ ಮೇಲೆ ಆಲಿಕಲ್ಲು ಕಲ್ಲೆಸೆದಂತೆ ಬಿತ್ತು. ಆಮೇಲೆ ಕಣ್ಣು ಕೋರೈಸುವ ಬೆಳಕು, ಕಿವಿ ಕಿವುಡಾಗುವ ಸದ್ದು. ಏಣಿ ಒರಗಿಸಿದ್ದ ಸಿಲ್ವರ್ ಓಕ್ ಮರ ತುದಿಯಿಂದ ಬುಡದವರೆಗೆ ಸೀಳಿಹೋಯಿತು. ಏಣಿ ಇದ್ದ ಗುರುತೂ ಇರಲಿಲ್ಲ.

"ಎಲ್ರೂ ಒಳಗವ್ರಾ? ಇನ್ನೊಂದ್ಸಲ ನೋಡಿ ಅಮ್ಮಣ್ಣಿ" ಎಂದರು ರೈಟರು. ಮತ್ತೆ ಬಹುವಚನ. ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ. ನಾಳೆ ಕೇಳೋಣವೆಂದುಕೊಂಡೆ.

ನಾಲ್ಕು ವರ್ಷದ ಮೇಲೆ, ಎದೆನೋವಿನಿಂದ ಅವರು ತೀರಿಕೊಂಡರು. ಮಣ್ಣು ಮುಗಿಸಿ ಬರುವಾಗ ಆಳುಗಳ ಮನೆಸಾಲಾದ ಕೂಲಿ ಲೈನಿನ ಮುದುಕಿಯೊಬ್ಬಳು ನನ್ನ ಜೊತೆಗಿದ್ದಳು. ನಾನು ಹಾಸನದ ಹಾಸ್ಟೆಲಿನಲ್ಲಿದ್ದ ಕಾಲಕ್ಕೆ ಅವಳ ಗಂಡ ನಮ್ಮ ತೋಟದಲ್ಲೇ ಸಿಡಿಲು ಬಡಿದು ಸತ್ತಿದ್ದ. ಓಕ್ ಮರ ಸೀಳಿದ ದಿನ ನಾನು ರೈಟರಿಗೆ ಆಡಿದ ಮಾತನ್ನು ಅವಳೊಡನೆ ಹೇಳಿಕೊಂಡೆ.

"ನಮ್ಮೋರು ಹೋದ ದಿನ ಅದೇ ಮಾತ್ನ ರೈಟರೇ ಅಂದಿದ್ರು ಕಣವ್ವ" ಎಂದಳು. "'ಇನ್ನೊಂದು ಮರ ಮುಗ್ಸಿ ಇಳಿ' ಅಂತ. ಆಮ್ಯಾಲೇ ಆ ಕನ್ನಡಿ ತಂದಿದ್ದು."

ನಾನು ನಡುದಾರಿಯಲ್ಲೇ ನಿಂತುಬಿಟ್ಟೆ. ಆ ಮಾತನ್ನು ನಾನೂ ಆಡಿದ್ದೆ, ಆದರೆ ನನ್ನ ಮಾತಿಗೆ ಯಾರೂ ಸಾಯಲಿಲ್ಲ. ಸಾಯದಂತೆ ನೋಡಿಕೊಂಡವರನ್ನು ಈಗಷ್ಟೇ ಮಣ್ಣು ಮಾಡಿ ಬಂದಿದ್ದೆವು.